ಅಂಗಳಕ್ಕೆ ಎರಚಿದ ಉಪ್ಪು ಕೆರೆಯಲ್ಲೇ ಉಳಿಯುತ್ತದೆ

ನವೆಂಬರ್ ಬಂತೆಂದರೆ ಮಿನಿಯಾಪೊಲಿಸ್, ಶಿಕಾಗೊ, ಡೆಟ್ರಾಯಿಟ್, ಟೊರಾಂಟೊ ಕಡೆಯ ಹಾರ್ಡ್‌ವೇರ್ ಅಂಗಡಿಗಳ ಬಾಗಿಲಲ್ಲೇ ‘ಐಸ್ ಮೆಲ್ಟ್’ ಚೀಲಗಳ ರಾಶಿ ಏಳುತ್ತದೆ. ಹೊಸದಾಗಿ ಮನೆ ಕೊಂಡ ಕನ್ನಡಿಗರು ಹಿಮ ಎತ್ತುವ ಶವೆಲ್ ಜೊತೆಗೆ ಎರಡು ಚೀಲವನ್ನೂ ಕಾರಿನ ಡಿಕ್ಕಿಗೆ ಹಾಕಿಕೊಂಡು ಬರುತ್ತಾರೆ. ಮೊದಲ ಹಿಮ ಬಿದ್ದ ಬೆಳಿಗ್ಗೆ, ಪಕ್ಕದ ಮನೆಯವರು ಎರಚಿದ್ದನ್ನು ನೋಡಿ ತಾವೂ ಎರಚುತ್ತಾರೆ. ಎಷ್ಟು ಎರಚಬೇಕು, ಯಾವ ಚಳಿಯಲ್ಲಿ ಅದು ಕೆಲಸ ಮಾಡುತ್ತದೆ, ಎರಚಿದ್ದು ಆಮೇಲೆ ಎಲ್ಲಿಗೆ ಹೋಗುತ್ತದೆ ಎಂದು ಹೇಳಿಕೊಡುವವರು ಸಾಮಾನ್ಯವಾಗಿ ಯಾರೂ ಸಿಗುವುದಿಲ್ಲ.

ಈ ಲೇಖನ ಅವರಿಗಾಗಿ. ಚಳಿಗಾಲದಲ್ಲಿ ಮಕ್ಕಳ ಮನೆಗೆ ಹೋಗುವ ಅಪ್ಪ ಅಮ್ಮಂದಿರಿಗೂ ಹೌದು. ಉಪ್ಪು ಬೇಡವೇ ಬೇಡ ಎಂದು ನಾನು ಹೇಳುತ್ತಿಲ್ಲ. ಮಂಜುಗಡ್ಡೆಯ ಮೇಲೆ ಜಾರಿ ಸೊಂಟದ ಮೂಳೆ ಮುರಿದುಕೊಳ್ಳುವುದು ಆ ಊರುಗಳಲ್ಲಿ ನಿಜವಾದ ಅಪಾಯ. ಹೆದ್ದಾರಿಯ ಉಪ್ಪು ಪ್ರತಿ ಚಳಿಗಾಲದಲ್ಲೂ ಜೀವ ಉಳಿಸುತ್ತದೆ. ನನ್ನ ತಕರಾರು ಏನನ್ನೂ ಕರಗಿಸದೆ, ಯಾರನ್ನೂ ಕಾಪಾಡದೆ, ಸುಮ್ಮನೆ ಬಿದ್ದಿದ್ದು ಕೊನೆಗೆ ಮೋರಿ ಸೇರುವ ಉಪ್ಪಿನ ಬಗ್ಗೆ. ಅದು ತುಂಬಾ ಇದೆ. ಅದನ್ನು ಕಡಿಮೆ ಮಾಡಲು ಹೊಸ ತಂತ್ರಜ್ಞಾನವೇನೂ ಬರಬೇಕಾಗಿಲ್ಲ.

ಒಂದು ಚೀಲದ ಲೆಕ್ಕ

ರಸ್ತೆಗೆ ಹಾಕುವ ಕಲ್ಲುಪ್ಪು, ಅಡುಗೆಮನೆಯ ಉಪ್ಪು ಎರಡೂ ಸೋಡಿಯಂ ಕ್ಲೋರೈಡೇ. ತೂಕದಲ್ಲಿ ನೂರಕ್ಕೆ 39 ಪಾಲು ಸೋಡಿಯಂ, 61 ಪಾಲು ಕ್ಲೋರೈಡ್. ಸಿಹಿನೀರಿನ ಜೀವಿಗಳಿಗೆ ಮುಖ್ಯವಾಗಿ ತೊಂದರೆ ಕೊಡುವುದು ಈ ಕ್ಲೋರೈಡ್. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 1988ರಲ್ಲಿ ಗೊತ್ತುಮಾಡಿದ ಪ್ರಕಾರ, ಜಲಚರಗಳಿಗೆ ದೀರ್ಘಕಾಲದಲ್ಲಿ ಹಾನಿಯಾಗಬಾರದೆಂದರೆ ಕ್ಲೋರೈಡ್ ಲೀಟರಿಗೆ 230 ಮಿಲಿಗ್ರಾಂ ಮೀರಬಾರದು. ಕೆನಡಾದ ಮಾರ್ಗಸೂಚಿ ಇನ್ನೂ ಬಿಗಿ: 120 ಮಿಲಿಗ್ರಾಂ. ಮಿನ್ನೆಸೋಟದ ಮಾಲಿನ್ಯ ನಿಯಂತ್ರಣ ಸಂಸ್ಥೆ ಇದನ್ನೇ ಮನೆಮಂದಿಗೆ ತಿಳಿಯುವಂತೆ ಹೇಳುತ್ತದೆ: ಒಂದು ಟೀ ಚಮಚ ಉಪ್ಪು ಸಾಕು, 5 ಗ್ಯಾಲನ್ ನೀರು, ಅಂದರೆ ಸುಮಾರು 19 ಲೀಟರ್, ಶಾಶ್ವತವಾಗಿ ಕೆಡುತ್ತದೆ.

ಈಗ ಅಂಗಡಿಯ ಚೀಲಕ್ಕೆ ಬರೋಣ. 40 ಪೌಂಡ್ ಎಂದರೆ 18 ಕಿಲೊ. ಅದರಲ್ಲಿ ಕ್ಲೋರೈಡ್ ಸುಮಾರು 11 ಕಿಲೊ. ಲೀಟರಿಗೆ 230 ಮಿಲಿಗ್ರಾಂನಂತೆ ಭಾಗಿಸಿದರೆ, ಶುದ್ಧ ನೀರನ್ನು ಆ ಮಿತಿಗೆ ಮುಟ್ಟಿಸಲು ಒಂದು ಚೀಲ 48,000 ಲೀಟರಿಗೆ ಸಾಕಾಗುತ್ತದೆ. ಬೇಸಿಗೆಯಲ್ಲಿ ಬೆಂಗಳೂರಿನ ಬಡಾವಣೆಗಳಿಗೆ ಬರುವ 6,000 ಲೀಟರಿನ ಟ್ಯಾಂಕರುಗಳ ಲೆಕ್ಕದಲ್ಲಿ ಎಂಟು ಟ್ಯಾಂಕರ್ ನೀರು.

ಸಾರಿಗೆ ಉಪ್ಪು ಜಾಸ್ತಿಯಾದರೆ ಇನ್ನಷ್ಟು ನೀರು ಸೇರಿಸಬಹುದೇ ಹೊರತು ಹಾಕಿದ ಉಪ್ಪನ್ನು ಹೊರಗೆ ತೆಗೆಯಲಾಗದು. ಸರೋವರದ ಪಾಡೂ ಅಷ್ಟೇ. ಕ್ಲೋರೈಡ್ ಕೊಳೆಯುವುದಿಲ್ಲ, ಬಿಸಿಲಿಗೆ ಆವಿಯಾಗುವುದಿಲ್ಲ, ಬ್ಯಾಕ್ಟೀರಿಯಾ ಅದನ್ನು ತಿಂದು ಮುಗಿಸುವುದಿಲ್ಲ. ನಗರದ ಕೊಳಚೆ ನೀರು ಶುದ್ಧೀಕರಣ ಘಟಕಗಳಲ್ಲೂ ಅದು ಹಾಗೆಯೇ ದಾಟಿಹೋಗುತ್ತದೆ. ತೆಗೆಯಲೇಬೇಕೆಂದರೆ ರಿವರ್ಸ್ ಆಸ್ಮೋಸಿಸ್ ಬೇಕು. ಅಡುಗೆಮನೆಯ ಒಂದು ನಲ್ಲಿಗೆ ಅದು ಸರಿ, ಒಂದು ಕೆರೆಗೆ ಯಾರು ಹಾಕಿಸಿಯಾರು?

ಎಷ್ಟು ಉಪ್ಪು, ಎಲ್ಲಿಂದ, ಎಲ್ಲಿಗೆ

ಅಮೆರಿಕದಲ್ಲಿ ರಸ್ತೆಗೆ ಉಪ್ಪು ಹಾಕುವ ಪದ್ಧತಿ ಹಳೆಯದೇನಲ್ಲ. ನ್ಯೂ ಹ್ಯಾಂಪ್‌ಶೈರ್ ರಾಜ್ಯ 1938ರಲ್ಲಿ ಪ್ರಯೋಗಕ್ಕೆಂದು ಶುರುಮಾಡಿತು. 1941-42ರ ಚಳಿಗಾಲದಲ್ಲಿ ಇಡೀ ದೇಶದ ಹೆದ್ದಾರಿಗಳಿಗೆ ಬಿದ್ದದ್ದು ಸುಮಾರು 5,000 ಟನ್. ಇಂದು ವರ್ಷಕ್ಕೆ 2 ಕೋಟಿ ಟನ್ನಿನ ಆಸುಪಾಸು. ಕೆನಡಾದಲ್ಲಿ ಸುಮಾರು 50 ಲಕ್ಷ ಟನ್. ಡೆಟ್ರಾಯಿಟ್ ನಗರದ ಕೆಳಗೆ, ಕ್ಲೀವ್‌ಲ್ಯಾಂಡ್‌ನಲ್ಲಿ ಈರಿ ಸರೋವರದ ಕೆಳಗೆ, ಒಂಟಾರಿಯೊದ ಗೋಡ್ರಿಚ್‌ನಲ್ಲಿ ಹ್ಯೂರಾನ್ ಸರೋವರದ ಕೆಳಗೆ ಇರುವ ಗಣಿಗಳಿಂದ ಕಲ್ಲುಪ್ಪು ಮೇಲೆ ಬರುತ್ತದೆ. ಯಾವುದೋ ಕಾಲದ ಸಮುದ್ರ ಬಿಟ್ಟುಹೋದ ಉಪ್ಪನ್ನು ಸಿಹಿನೀರಿನ ಮಹಾಸರೋವರಗಳ ಅಡಿಯಿಂದ ಅಗೆದು, ಅದೇ ಸರೋವರಗಳ ದಡದ ಊರುಗಳ ಬೀದಿಗೆ ಸುರಿಯುತ್ತಿದ್ದೇವೆ.

ಕರಗಿದ ಉಪ್ಪೆಲ್ಲ ನದಿಯಲ್ಲಿ ಹರಿದು ಕಡಲು ಸೇರುತ್ತದೆ ಎಂಬ ಸಮಾಧಾನವೂ ಇಲ್ಲ. ಮಿನಿಯಾಪೊಲಿಸ್–ಸೇಂಟ್ ಪಾಲ್ ಅವಳಿ ನಗರಗಳ ಸುತ್ತ ವರ್ಷಕ್ಕೆ ಸುಮಾರು ಮೂರೂವರೆ ಲಕ್ಷ ಟನ್ ಉಪ್ಪು ಬೀಳುತ್ತದೆ. ಅದರಲ್ಲಿ ಮುಕ್ಕಾಲು ಪಾಲಿನಷ್ಟು ಅಲ್ಲಿನ ಕೆರೆ, ಜೌಗು, ಅಂತರ್ಜಲದಲ್ಲೇ ಉಳಿದುಬಿಡುತ್ತದೆಂದು ಮಿನ್ನೆಸೋಟ ವಿಶ್ವವಿದ್ಯಾಲಯದ ಸಂಶೋಧಕರು ಲೆಕ್ಕ ಹಾಕಿದ್ದಾರೆ. ಹಾಗಾಗಿ ನಡುಬೇಸಿಗೆಯಲ್ಲೂ ಅಲ್ಲಿನ ಎಷ್ಟೋ ತೊರೆಗಳಲ್ಲಿ ಕ್ಲೋರೈಡ್ ಸಿಗುತ್ತದೆ. ಜನವರಿಯಲ್ಲಿ ಇಂಗಿದ್ದು ಆಗಸ್ಟ್‌ನಲ್ಲಿ ಒಸರುತ್ತದೆ. ಬಾಲ್ಟಿಮೋರ್ ಸುತ್ತಲಿನ ತೊರೆಗಳನ್ನು ಅಧ್ಯಯನ ಮಾಡಿದ ಸುಜಯ್ ಕೌಶಲ್ ಮತ್ತು ಸಂಗಡಿಗರು 2005ರಲ್ಲಿ ವರದಿ ಮಾಡಿದ ಅಂಕಿ ಓದಿದರೆ ದಿಗಿಲಾಗುತ್ತದೆ: ಚಳಿಗಾಲದ ಕೆಲವು ದಿನಗಳಲ್ಲಿ ಆ ನೀರಿನ ಉಪ್ಪು ಸಮುದ್ರದ ನೀರಿನ ಕಾಲು ಭಾಗಕ್ಕೆ ಏರಿತ್ತು.

ಉಪ್ಪುನೀರು ಸಿಹಿನೀರಿಗಿಂತ ಭಾರ. ಅದು ಸರೋವರದ ತಳಕ್ಕಿಳಿದು ಪದರವಾಗಿ ಕೂರುತ್ತದೆ. ಆ ಸೀಮೆಯ ಆಳವಾದ ಸರೋವರಗಳು ವಸಂತದಲ್ಲಿ ಒಮ್ಮೆ, ಶರತ್ಕಾಲದಲ್ಲಿ ಒಮ್ಮೆ ಮೇಲಿನಿಂದ ಕೆಳಗಿನವರೆಗೆ ಮಗುಚಿ ಬೆರೆಯುತ್ತವೆ. ತಳಕ್ಕೆ ಆಮ್ಲಜನಕ ಸಿಗುವುದು ಈ ಬೆರೆಯುವಿಕೆಯಿಂದ. ಉಪ್ಪಿನ ಪದರ ಭಾರವಾದಂತೆ ಅದು ತಪ್ಪುತ್ತದೆ. ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್ ಬಳಿಯ ಐರಾಂಡಿಕಾಯ್ಟ್ ಕೊಲ್ಲಿಯಲ್ಲಿ 1970ರ ವಸಂತದಲ್ಲಿ ನೀರು ಪೂರ್ತಿ ಬೆರೆಯಲೇ ಇಲ್ಲ, ಅದಕ್ಕೆ ರಸ್ತೆ ಉಪ್ಪೇ ಕಾರಣ ಎಂದು ವಿಜ್ಞಾನಿಗಳು ಮರುವರ್ಷವೇ ಪ್ರಕಟಿಸಿದರು. ಎಚ್ಚರಿಕೆ ಸಿಕ್ಕಿ ಅರ್ಧ ಶತಮಾನ ದಾಟಿದೆ. ತಳದಲ್ಲಿ ಉಸಿರಿಲ್ಲದಾಗ ಕೆಸರಿನಲ್ಲಿದ್ದ ರಂಜಕ ಬಿಡುಗಡೆಯಾಗಿ ಪಾಚಿಗೆ ಗೊಬ್ಬರವಾಗುತ್ತದೆ. ಪಾಚಿಯನ್ನು ತಿಂದು ನೀರನ್ನು ತಿಳಿಯಾಗಿಡುವ ಸೂಕ್ಷ್ಮ ಪ್ರಾಣಿಗಳೋ, ಉಪ್ಪಿಗೆ ಮೊದಲು ಸಾಯುವವುಗಳಲ್ಲಿ ಸೇರಿವೆ. ಉತ್ತರ ಅಮೆರಿಕ ಮತ್ತು ಯುರೋಪಿನ ಸರೋವರಗಳಲ್ಲಿ ನಡೆದು 2022ರಲ್ಲಿ ಪ್ರಕಟವಾದ ಪ್ರಯೋಗಗಳಲ್ಲಿ, ಸರಕಾರಗಳು ಸುರಕ್ಷಿತವೆಂದು ಹೇಳುವ ಮಿತಿಗಿಂತ ಕೆಳಗೇ ಈ ಪ್ರಾಣಿಗಳು ಭಾರಿ ಸಂಖ್ಯೆಯಲ್ಲಿ ಸತ್ತವು.

ಮನುಷ್ಯರ ಪಾಲಿಗೂ ಇದು ದೂರದ ವಿಷಯವಲ್ಲ. ಕ್ಲೋರೈಡ್ ಲೋಹವನ್ನು ತಿನ್ನುತ್ತದೆ. 2014ರಲ್ಲಿ ಮಿಶಿಗನ್ನಿನ ಫ್ಲಿಂಟ್ ನಗರ ತನ್ನ ಕುಡಿಯುವ ನೀರಿಗೆ ಫ್ಲಿಂಟ್ ನದಿಯನ್ನು ನೆಚ್ಚಿಕೊಂಡ ಕೆಲವೇ ತಿಂಗಳಲ್ಲಿ, ಬಿಡಿಭಾಗಗಳು ತುಕ್ಕು ಹಿಡಿಯುತ್ತಿವೆಯೆಂದು ಅಲ್ಲಿನ ಜನರಲ್ ಮೋಟರ್ಸ್ ಎಂಜಿನ್ ಕಾರ್ಖಾನೆ ಆ ನೀರನ್ನು ಬಿಟ್ಟಿತು. ಹಳೆಯ ಕೊಳವೆಗಳ ಸೀಸ ಊರಿನ ಕುಡಿಯುವ ನೀರಿಗೆ ಸೇರಿದ ದುರಂತಕ್ಕೆ ಮುಖ್ಯ ಕಾರಣ, ತುಕ್ಕು ತಡೆಯುವ ರಾಸಾಯನಿಕವನ್ನು ನೀರಿಗೆ ಸೇರಿಸದೆ ಹೋದದ್ದು. ಆದರೆ ಕ್ಲೋರೈಡ್ ಹೆಚ್ಚಿದ್ದ ನೀರು ಹಳೆಯ ಕೊಳವೆಗಳಿಗೆ ಮೊದಲೇ ಶತ್ರುವಾಗಿತ್ತು. ಇನ್ನು, ಊರಾಚೆ ಸ್ವಂತ ಬಾವಿಯ ನೀರು ಕುಡಿಯುವ ಮನೆ ನಿಮ್ಮದಾಗಿದ್ದು, ರಕ್ತದೊತ್ತಡಕ್ಕೆ ಉಪ್ಪು ಬಿಟ್ಟವರು ಮನೆಯಲ್ಲಿದ್ದರೆ ಬಾವಿ ನೀರಿನ ಸೋಡಿಯಂ ಪರೀಕ್ಷೆ ಮಾಡಿಸಿ. ಕಟ್ಟುನಿಟ್ಟಿನ ಪಥ್ಯದಲ್ಲಿರುವವರಿಗೆ ಅಮೆರಿಕದ ಪರಿಸರ ಸಂಸ್ಥೆ ಸೂಚಿಸಿರುವುದು ಲೀಟರಿಗೆ 20 ಮಿಲಿಗ್ರಾಂ. ದೊಡ್ಡ ರಸ್ತೆಯ ಪಕ್ಕದ ಬಾವಿಗಳು ಅದನ್ನು ಸುಲಭವಾಗಿ ದಾಟುತ್ತವೆ.

ಮೊದಲು ಥರ್ಮಾಮೀಟರ್ ನೋಡಿ

ಉಪ್ಪಿನ ಕೆಲಸ ಪೂರ್ತಿ ನಿಂತಿರುವುದು ಉಷ್ಣತೆಯ ಮೇಲೆ. ಹೆಚ್ಚಿನ ಪೋಲು ಆಗುವುದು ಈ ಒಂದು ಸಂಗತಿ ಗೊತ್ತಿಲ್ಲದೆ.

ಉಪ್ಪು ಮಂಜುಗಡ್ಡೆಗೆ ಬಿಸಿ ಕೊಡುವುದಿಲ್ಲ. ತೆಳುವಾದ ತೇವದಲ್ಲಿ ತಾನು ಕರಗಿ ಉಪ್ಪುನೀರಾಗಿ, ಆ ನೀರು ಮತ್ತೆ ಹೆಪ್ಪುಗಟ್ಟದಂತೆ ತಡೆಯುತ್ತದೆ. ಚಳಿ ಏರಿದಂತೆ ಕರಗಲು ತೇವವೇ ಇರುವುದಿಲ್ಲ. ನೆಲದ ಉಷ್ಣತೆ 30 ಡಿಗ್ರಿ ಫ್ಯಾರನ್‌ಹೀಟ್ (−1 ಸೆಲ್ಸಿಯಸ್) ಇದ್ದಾಗ ಒಂದು ಪೌಂಡ್ ಉಪ್ಪು 46 ಪೌಂಡ್ ಮಂಜುಗಡ್ಡೆಯನ್ನು ಐದೇ ನಿಮಿಷದಲ್ಲಿ ಕರಗಿಸಬಲ್ಲದು. 25 ಡಿಗ್ರಿಗೆ (−4) ಇಳಿದರೆ ಅದೇ ಒಂದು ಪೌಂಡಿಗೆ 14 ಪೌಂಡ್ ಮಾತ್ರ. 20ರಲ್ಲಿ (−7) ಒಂಬತ್ತಕ್ಕೂ ಕಡಿಮೆ, ಅದಕ್ಕೂ ಇಪ್ಪತ್ತು ನಿಮಿಷ ಬೇಕು. 15ರಲ್ಲಿ (−9) ಆರು ಪೌಂಡ್, ಒಂದು ಗಂಟೆ. ಅದಕ್ಕಿಂತ ಕೆಳಗೆ ಒಣ ಕಲ್ಲುಪ್ಪು ಎರಚುವುದು ವ್ಯರ್ಥ. ಕರಗಲಿಲ್ಲವಲ್ಲ ಎಂದು ಜನ ಇನ್ನೊಂದು ಮಗ್ ಸುರಿಯುತ್ತಾರೆ. ಹಾಗೆ ಸುರಿದದ್ದೆಲ್ಲ ಮುಂದಿನ ಬಿಸಿಲಿಗೆ ಒಟ್ಟಾಗಿ ಹರಿದುಹೋಗುತ್ತದೆ.

ಮಿನಿಯಾಪೊಲಿಸ್‌ನಲ್ಲಿ ಜನವರಿಯ ಸರಾಸರಿ ಕನಿಷ್ಠ ಉಷ್ಣತೆಯೇ ಈ 15 ಡಿಗ್ರಿಯ ಗೆರೆಯ ಕೆಳಗಿದೆ. ಅಂದರೆ ಅಲ್ಲಿನ ಜನವರಿಯ ಬೆಳಗುಗಳಲ್ಲಿ ಕಲ್ಲುಪ್ಪನ್ನು ಚೀಲದಲ್ಲೇ ಬಿಡುವುದು ಸರಿ. ಟೊರಾಂಟೊ, ನ್ಯೂಜೆರ್ಸಿಗಳಲ್ಲಿ ಚಳಿ ಅಷ್ಟಿಲ್ಲ, ಉಪ್ಪು ಬಹಳ ದಿನ ಕೆಲಸ ಮಾಡುತ್ತದೆ; ಅಲ್ಲಿನ ಸಮಸ್ಯೆ ಅಳತೆ ಮೀರುವುದು.

ಇಲ್ಲಿ ಹೇಳಿದ ಉಷ್ಣತೆ ನೆಲದ್ದು, ಗಾಳಿಯದ್ದಲ್ಲ. ಬಿಸಿಲಿಗೆ ಒಡ್ಡಿಕೊಂಡ ಕಪ್ಪು ಟಾರು ಗಾಳಿಗಿಂತ ಬೆಚ್ಚಗಿರುತ್ತದೆ. ಮನೆಯ ಉತ್ತರ ಮಗ್ಗುಲ ನೆರಳಿನ ಮೆಟ್ಟಿಲು ಮಧ್ಯಾಹ್ನವಾದರೂ ತಣ್ಣಗೇ ಇರುತ್ತದೆ. ಗುರಿಯಿಟ್ಟು ಗುಂಡಿ ಒತ್ತಿದರೆ ನೆಲದ ಉಷ್ಣತೆ ತೋರಿಸುವ ಇನ್‌ಫ್ರಾರೆಡ್ ಥರ್ಮಾಮೀಟರ್ ಹಾರ್ಡ್‌ವೇರ್ ಅಂಗಡಿಯಲ್ಲೇ ಸಿಗುತ್ತದೆ. ಉಪ್ಪಿನ ಚೀಲಕ್ಕಿಂತ ಮೊದಲು ಕೊಳ್ಳಬೇಕಾದ ವಸ್ತು ಅದು.

ಶವೆಲ್ ಮೊದಲು, ಉಪ್ಪು ಆಮೇಲೆ

ಹಿಮವನ್ನು ಕರಗಿಸುವುದಕ್ಕೆ ಉಪ್ಪು ಬಳಸಬೇಡಿ. ಹಿಮ ಎತ್ತಲಿಕ್ಕೆ ಶವೆಲ್ ಇದೆ. ಎತ್ತಿದ ಮೇಲೂ ನೆಲಕ್ಕೆ ಅಂಟಿ ಉಳಿದ ಗಡ್ಡೆಯನ್ನು ಬಿಡಿಸುವುದಕ್ಕೆ ಮಾತ್ರ ಉಪ್ಪು.

ಇದರಲ್ಲಿ ಹೊತ್ತು ಮುಖ್ಯ. ಹಿಮ ಬಿದ್ದ ಕೂಡಲೇ ಪುಡಿಯಾಗಿ, ಹಗುರವಾಗಿರುತ್ತದೆ. ಅದರ ಮೇಲೆ ನಾಲ್ಕು ಜನ ನಡೆದು, ಎರಡು ಕಾರು ಹಾದವೆಂದರೆ ಒತ್ತಿ ಗಟ್ಟಿಯಾಗುತ್ತದೆ, ಆಮೇಲೆ ಉಪ್ಪಿಲ್ಲದೆ ಬಿಡುವುದಿಲ್ಲ. ಜೋರು ಹಿಮದ ದಿನ ಪೂರ್ತಿ ನಿಲ್ಲಲಿ ಎಂದು ಕಾಯದೆ ನಡುನಡುವೆ ಎರಡು ಮೂರು ಸಲ ತಳ್ಳಿದರೆ ಒಂದೊಂದು ಸಲದ ಹೊರೆಯೂ ಕಡಿಮೆ, ಉಪ್ಪಿನ ಅಗತ್ಯವೂ ಕಡಿಮೆ. ಮಿನಿಯಾಪೊಲಿಸ್ ನಗರದ ನಿಯಮ, ಒಂಟಿ ಮನೆ ಮತ್ತು ಡುಪ್ಲೆಕ್ಸಿನವರು ಹಿಮ ನಿಂತ 24 ಗಂಟೆಯೊಳಗೆ ಸೈಡ್‌ವಾಕ್ ತೆರವು ಮಾಡಬೇಕೆನ್ನುತ್ತದೆ. ಬೇರೆ ಊರುಗಳಿಗೆ ಬೇರೆ ಗಡುವು, ನಿಮ್ಮ ನಗರದ್ದನ್ನು ತಿಳಿದುಕೊಳ್ಳಿ. ಒಂದೆರಡು ಅಂಗುಲದ ಪುಡಿ ಹಿಮಕ್ಕೆ ಅಗಲ ಬಾಯಿಯ ಪುಶ್ ಬ್ರೂಮ್ ಸಾಕು. ಅಂಟಿದ ಗಡ್ಡೆಗೆ ನೇರ ಅಲಗಿನ ಉಕ್ಕಿನ ಸ್ಕ್ರೇಪರ್ ಬೇಕು, ಪ್ಲಾಸ್ಟಿಕ್ ಶವೆಲ್ ಅದಕ್ಕೆ ಆಗದು. ಎತ್ತಿದ ಹಿಮವನ್ನು ರಸ್ತೆಗೆ ಎಸೆಯದೆ ಹುಲ್ಲಿನ ಮೇಲೆ, ಆದಷ್ಟು ಇಳಿಜಾರಿನ ಕೆಳಬದಿಗೆ ಹಾಕಿ. ಮೇಲ್ಬದಿಯಲ್ಲಿ ರಾಶಿ ಹಾಕಿದರೆ ಹಗಲು ಕರಗಿದ ನೀರು ದಾರಿಗೆ ಹರಿದು ರಾತ್ರಿ ಗಾಜಾಗುತ್ತದೆ. ಚಾವಣಿಯ ನೀರು ಇಳಿಯುವ ಪೈಪು ನಡೆದಾಡುವ ದಾರಿಗೆ ಬಾಯಿ ಮಾಡಿಕೊಂಡಿದ್ದರೆ ಅದನ್ನು ಹುಲ್ಲಿನ ಕಡೆ ತಿರುಗಿಸಿ. ಪ್ರತಿ ರಾತ್ರಿ ಒಂದೇ ಜಾಗದಲ್ಲಿ ಗಡ್ಡೆ ಕಟ್ಟುತ್ತಿದೆಯೆಂದರೆ ಸಾಮಾನ್ಯವಾಗಿ ಆ ಪೈಪೇ ಕಾರಣ.

ಇಲ್ಲಿ ಒಂದು ಮಾತು ಹೇಳಲೇಬೇಕು. ಹಿಮ ಎತ್ತುವುದು ನೋಡಲು ಹಗುರ, ಹೃದಯಕ್ಕೆ ಭಾರ. ತಣ್ಣನೆಯ ಗಾಳಿಯಲ್ಲಿ ರಕ್ತನಾಳ ಸಂಕುಚಿಸಿರುವಾಗ ಒಮ್ಮೆಲೇ ತೋಳಿನ ಬಲ ಹಾಕಿ ಎತ್ತುವುದರಿಂದ ಪ್ರತಿ ಚಳಿಗಾಲದಲ್ಲೂ ಜನ ಹೃದಯಾಘಾತಕ್ಕೆ ಈಡಾಗುತ್ತಾರೆ, ಮತ್ತು ನಮ್ಮ ಉಪಖಂಡದ ಮೂಲದವರಲ್ಲಿ ಹೃದಯದ ಕಾಯಿಲೆ ಬೇಗ ಬರುತ್ತದೆ. ಎತ್ತುವ ಬದಲು ತಳ್ಳಿ, ಅರ್ಧ ಶವೆಲ್ ತುಂಬಿ, ನಡುವೆ ಒಳಗೆ ಬಂದು ಸುಧಾರಿಸಿಕೊಳ್ಳಿ. ಸ್ಟೆಂಟ್ ಹಾಕಿಸಿಕೊಂಡವರು, ಸಕ್ಕರೆ ಕಾಯಿಲೆಯವರು, ಸುಮ್ಮನೆ ಕೂರಲು ಬೇಜಾರೆಂದು ಶವೆಲ್ ಹಿಡಿಯುವ ಊರಿಂದ ಬಂದ ಅಪ್ಪ, ಇವರ್‍ಯಾರೂ ಈ ಕೆಲಸಕ್ಕೆ ಇಳಿಯಬಾರದು. ಬೀದಿಯ ಹೈಸ್ಕೂಲ್ ಹುಡುಗನಿಗೆ ಹಣ ಕೊಟ್ಟು ಮಾಡಿಸಿ. ಕೆರೆಯನ್ನು ಉಳಿಸಲು ಹೋಗಿ ಯಾರೂ ಎದೆ ಹಿಡಿದುಕೊಂಡು ಬೀಳುವುದು ಬೇಡ.

ಒಂದು ಮಗ್ ಅಳತೆ

ಕಾಫಿ ಕುಡಿಯುವ 12 ಔನ್ಸಿನ ಒಂದು ಹಳೆಯ ಮಗ್ಗನ್ನು ಉಪ್ಪಿನ ಚೀಲದಲ್ಲೇ ಇಟ್ಟುಬಿಡಿ. ಅದು ತುಂಬಿದರೆ ಹೆಚ್ಚು ಕಡಿಮೆ ಒಂದು ಪೌಂಡ್. ಒಂದು ಪೌಂಡ್ 250 ಚದರ ಅಡಿಗೆ ಸಾಕು: ಸೈಡ್‌ವಾಕಿನ ಸಾಮಾನ್ಯ ಅಳತೆಯ ಹತ್ತು ಚಪ್ಪಡಿ, ಇಲ್ಲವೆ ಒಂದು ಕಾರಿನ ಅಗಲದ, 20 ಅಡಿ ಉದ್ದದ ಡ್ರೈವ್‌ವೇ. ಇಪ್ಪತ್ತಕ್ಕೆ ನಲವತ್ತು ಅಡಿಯ ದೊಡ್ಡ ಡ್ರೈವ್‌ವೇಗೂ ಮೂರು ಮಗ್ಗಿನ ಮೇಲೆ ಬೇಡ. ನಿಮ್ಮ ಜಾಗವನ್ನು ಒಮ್ಮೆ ಟೇಪ್ ಹಿಡಿದು ಅಳೆದು, ಎಷ್ಟು ಮಗ್ ಎಂದು ಗ್ಯಾರೇಜಿನ ಗೋಡೆಗೆ ಬರೆದಿಡಿ. ಮನೆಯಲ್ಲಿ ಯಾರು ಎರಚಿದರೂ ಅಳತೆ ಒಂದೇ ಆಗುತ್ತದೆ.

ಎರಚಿದ ಹರಳುಗಳ ನಡುವೆ ಸುಮಾರು ಮೂರು ಅಂಗುಲ ಅಂತರ ಇರಬೇಕು. ಹರಳಿನ ಸುತ್ತ ಹುಟ್ಟುವ ಉಪ್ಪುನೀರು ಗಡ್ಡೆಯ ಅಡಿಗೆ ಹರಡಿ ಅದನ್ನು ನೆಲದಿಂದ ಬಿಡಿಸುತ್ತದೆ, ಅಷ್ಟಾದರೆ ಸ್ಕ್ರೇಪರಿಗೆ ಎದ್ದು ಬರುತ್ತದೆ. ಕೈಯಲ್ಲಿ ಹಿಡಿದು ತಿರುಗಿಸುವ ಸಣ್ಣ ಸ್ಪ್ರೆಡರ್ ಇದ್ದರೆ ಹರಡುವುದು ಸಮನಾಗಿರುತ್ತದೆ, ಬೊಗಸೆಯಿಂದ ಎಸೆದರೆ ಒಂದು ಕಡೆ ಗುಡ್ಡೆ. ಡ್ರೈವ್‌ವೇ ಪೂರ್ತಿ ಹಾಕುವ ಅಗತ್ಯವೂ ಇಲ್ಲ. ಮೆಟ್ಟಿಲು, ಇಳಿಜಾರು, ಕಾರಿನಿಂದ ಬಾಗಿಲಿಗೆ ನಡೆಯುವ ದಾರಿ, ಅಂಚೆಯವರು ಬರುವ ಹಾದಿ, ಇಷ್ಟು ಸಾಕು.

ನೆಲ ಒಣಗಿದ ಮೇಲೂ ಹರಳು ಕಾಣುತ್ತಿದ್ದರೆ ಹಾಕಿದ್ದು ಹೆಚ್ಚಾಯಿತೆಂದು ಅರ್ಥ. ಅದನ್ನು ಗುಡಿಸಿ ಡಬ್ಬಿಗೆ ತುಂಬಿ, ಮುಂದಿನ ಹಿಮಕ್ಕೆ ಬಳಸಿ. ಈ ಚಿಕ್ಕ ಕೆಲಸವನ್ನು ಬಹಳ ಜನ ಮಾಡುವುದಿಲ್ಲ, ಲಾಭ ಇರುವುದು ಇಲ್ಲೇ. ಕಾಂಕ್ರೀಟ್ ಮೆಟ್ಟಿಲಿನ ಬಾಳಿಕೆಯೂ ಹೆಚ್ಚುತ್ತದೆ, ಅಂಚಿನ ಹುಲ್ಲು ವಸಂತದಲ್ಲಿ ಸುಟ್ಟಂತೆ ಕಾಣುವುದಿಲ್ಲ, ನಾಯಿಯ ಅಂಗಾಲೂ ಉರಿಯುವುದಿಲ್ಲ.

ಕಾಲಿಗೆ ಹಾಕುವುದರ ಮೇಲೂ ಉಪ್ಪಿನ ಖರ್ಚು ನಿಂತಿದೆ. ನಯವಾದ ಅಟ್ಟೆಯ ಶೂ ಹಾಕಿಕೊಂಡು ನೆಲವೆಲ್ಲ ಕಪ್ಪಗೆ ಒಣಗಿರಬೇಕೆಂದರೆ ಉಪ್ಪು ಎಷ್ಟಿದ್ದರೂ ಸಾಲದು. ಶೂ ಮೇಲೆ ಎಳೆದು ತೊಡಿಸುವ ಹಲ್ಲಿನ ಪಟ್ಟಿಗಳು ಸಿಗುತ್ತವೆ, ಊರಿಂದ ಬಂದ ಹಿರಿಯರಿಗೆ ಮೊದಲ ದಿನವೇ ಕೊಡಿಸಿ. ಹೆಜ್ಜೆ ಚಿಕ್ಕದಾಗಿರಲಿ, ಪಾದ ಪೂರ್ತಿ ಊರಲಿ, ಕೈ ಜೇಬಿನಿಂದ ಹೊರಗಿರಲಿ. ಕಾರಿಗೆ ಚಳಿಗಾಲದ ಟೈರು ಹಾಕಿಸಿ.

ಚೀಲದ ಮೇಲಿನ ಹಸಿರು ಎಲೆ

ಕೆಲವು ಚೀಲಗಳ ಮೇಲೆ ಎಲೆಯ ಚಿತ್ರವಿರುತ್ತದೆ, ನಾಯಿಮರಿಯ ಚಿತ್ರವಿರುತ್ತದೆ, ಪರಿಸರಸ್ನೇಹಿ ಎಂದು ಬರೆದಿರುತ್ತದೆ. ಅದನ್ನು ನಂಬಿ ಕೊಳ್ಳುವ ಮೊದಲು ಹಿಂಬದಿಯಲ್ಲಿ ಒಳಗಿರುವುದೇನು ಎಂದು ಓದಿ. ಹೆಸರಿನ ಕೊನೆಯಲ್ಲಿ ಕ್ಲೋರೈಡ್ ಇದ್ದರೆ ನೀರಿಗೆ ಕ್ಲೋರೈಡ್ ಸೇರಿತೆಂದೇ ಲೆಕ್ಕ.

ಮೆಗ್ನೀಸಿಯಂ ಕ್ಲೋರೈಡ್ ಮತ್ತು ಕ್ಯಾಲ್ಸಿಯಂ ಕ್ಲೋರೈಡ್ ಕಲ್ಲುಪ್ಪಿಗಿಂತ ಹೆಚ್ಚಿನ ಚಳಿಯಲ್ಲಿ ಕೆಲಸ ಮಾಡುತ್ತವೆ. ಮೊದಲನೆಯದು ಸುಮಾರು −15 ಸೆಲ್ಸಿಯಸ್‌ವರೆಗೆ, ಎರಡನೆಯದು ಅದಕ್ಕೂ ಎಷ್ಟೋ ಕೆಳಗೆ, −25 ದಾಟಿಯೂ. ಬೆಲೆ ಹೆಚ್ಚು. ತೀರಾ ಚಳಿಯ ದಿನ ಮೆಟ್ಟಿಲಿಗೆ ಸ್ವಲ್ಪವೇ ಕ್ಯಾಲ್ಸಿಯಂ ಕ್ಲೋರೈಡ್ ಹಾಕುವುದು, ಕೆಲಸ ಮಾಡದ ಕಲ್ಲುಪ್ಪನ್ನು ರಾಶಿ ಸುರಿಯುವುದಕ್ಕಿಂತ ಮೇಲು. ಪೊಟ್ಯಾಶಿಯಂ ಕ್ಲೋರೈಡ್ ಸಾಮಾನ್ಯ ಉಪ್ಪಿಗಿಂತಲೂ ದುರ್ಬಲ. ಯೂರಿಯಾ, ತೋಟದ ಗೊಬ್ಬರಗಳನ್ನು ಬಳಸಲೇಬೇಡಿ, ಅವು ನೇರ ಪಾಚಿಯ ಊಟ. ಕ್ಯಾಲ್ಸಿಯಂ ಮೆಗ್ನೀಸಿಯಂ ಅಸಿಟೇಟ್‌ನಲ್ಲಿ ಕ್ಲೋರೈಡ್ ಇಲ್ಲ, ಆದರೆ ಅದು ಕೊಳೆಯುವಾಗ ನೀರಿನ ಆಮ್ಲಜನಕವನ್ನು ಎಳೆದುಕೊಳ್ಳುತ್ತದೆ, ಬೆಲೆಯೂ ಕೈಗೆಟಕುವಂಥದ್ದಲ್ಲ. ಬೀಟ್ ರಸ ಬೆರೆಸಿದ ದ್ರಾವಣಗಳ ಬಗ್ಗೆ ಪತ್ರಿಕೆಗಳಲ್ಲಿ ಉತ್ಸಾಹದ ಸುದ್ದಿ ಬರುತ್ತಿರುತ್ತದೆ. ಅವು ಉಪ್ಪು ಅಂಟಿಕೊಳ್ಳಲು ನೆರವಾಗುವುದು ನಿಜ, ಅವುಗಳೊಳಗೂ ಸಾಮಾನ್ಯವಾಗಿ ಉಪ್ಪೇ ಇರುವುದು ಅಷ್ಟೇ ನಿಜ. ಮರಳು ಏನನ್ನೂ ಕರಗಿಸುವುದಿಲ್ಲ, ಹಿಡಿತ ಕೊಡುತ್ತದೆ. ತೀರಾ ಚಳಿಯಲ್ಲಿ ನನ್ನ ಆಯ್ಕೆ ಮರಳೇ. ವಸಂತದಲ್ಲಿ ಅದನ್ನು ಗುಡಿಸಿ ತೆಗೆಯಬೇಕು, ಇಲ್ಲವಾದರೆ ಮೋರಿ ಕಟ್ಟಿಕೊಳ್ಳುತ್ತದೆ, ತೊರೆಯ ತಳದಲ್ಲಿ ಮೀನು ಮೊಟ್ಟೆಯಿಡುವ ಜಾಗ ಮುಚ್ಚಿಹೋಗುತ್ತದೆ.

ದೇವಸ್ಥಾನ, ಅಪಾರ್ಟ್‌ಮೆಂಟ್, ಶಾಲೆಯ ಪಾರ್ಕಿಂಗ್ ಲಾಟ್

ನಗರಗಳಲ್ಲಿ ಉಪ್ಪು ಹಾಕುವುದು ಲೋಕೋಪಯೋಗಿ ಲಾರಿಗಳು ಮಾತ್ರವಲ್ಲ. ಅಂಗಡಿ, ಆಫೀಸು, ಅಪಾರ್ಟ್‌ಮೆಂಟ್, ಪ್ರಾರ್ಥನಾ ಮಂದಿರಗಳ ಪಾರ್ಕಿಂಗ್ ಲಾಟ್‌ಗಳಿಗೆ ಖಾಸಗಿ ಕಾಂಟ್ರಾಕ್ಟರುಗಳು ಬರುತ್ತಾರೆ. ಅಲ್ಲಿ ಕೈ ಸಡಿಲ. ಯಾರಾದರೂ ಜಾರಿಬಿದ್ದು ಮೊಕದ್ದಮೆ ಹೂಡಿದರೆ ಎಂಬ ಭಯ ಒಂದು ಕಡೆ. ಹಾಕಿದ ಉಪ್ಪಿನ ಲೆಕ್ಕದಲ್ಲಿ ಹಣ ಕೊಡುವ ಕರಾರು ಇನ್ನೊಂದು ಕಡೆ. ಎರಡೂ ಸೇರಿ ನೆಲ ಬೆಳ್ಳಗಾಗುವವರೆಗೆ ಸುರಿಸುತ್ತವೆ.

ನ್ಯೂ ಹ್ಯಾಂಪ್‌ಶೈರ್ ಇದಕ್ಕೆ ಒಂದು ದಾರಿ ಹುಡುಕಿತು. ಅಲ್ಲಿನ ಐ-93 ಹೆದ್ದಾರಿ ಅಗಲಿಸುವಾಗ ಸುತ್ತಲಿನ ತೊರೆಗಳಲ್ಲಿ ಕ್ಲೋರೈಡ್ ಮೀರಿರುವುದು ಎದುರಾಯಿತು. ಹಾಕುವ ಪ್ರಮಾಣದ ತರಬೇತಿ ಪಡೆದು ಪ್ರಮಾಣಪತ್ರ ಗಳಿಸಿ, ಬಳಸಿದ್ದನ್ನು ದಾಖಲೆಯಿಡುವ ಕಾಂಟ್ರಾಕ್ಟರಿಗೂ ಅವರನ್ನು ಕರೆಸುವ ಜಾಗದ ಮಾಲೀಕರಿಗೂ ಜಾರಿಬಿದ್ದ ದಾವೆಗಳಿಂದ ಕಾನೂನಿನ ರಕ್ಷಣೆ ಕೊಡುವ ವ್ಯವಸ್ಥೆ 2013ರಲ್ಲಿ ಬಂತು. ಭಯವೇ ಉಪ್ಪು ಸುರಿಸುತ್ತಿರುವಾಗ ಭಯವನ್ನು ಕಡಿಮೆ ಮಾಡಿದ್ದು ಜಾಣತನವೆಂದು ನನಗನ್ನಿಸುತ್ತದೆ. ಉಳಿದ ರಾಜ್ಯಗಳೂ ಈ ದಾರಿ ಹಿಡಿಯಬೇಕು. ಮಿನ್ನೆಸೋಟದಲ್ಲಿ ‘ಸ್ಮಾರ್ಟ್ ಸಾಲ್ಟಿಂಗ್’ ತರಬೇತಿ ಇದೆ, ಒಂಟಾರಿಯೊದಲ್ಲಿ ‘ಸ್ಮಾರ್ಟ್ ಅಬೌಟ್ ಸಾಲ್ಟ್ ಕೌನ್ಸಿಲ್’ ಪ್ರಮಾಣಪತ್ರ ಕೊಡುತ್ತದೆ. ಮಿನ್ನೆಸೋಟ ವಿಶ್ವವಿದ್ಯಾಲಯವೇ ತನ್ನ ಕ್ಯಾಂಪಸ್ಸಿನ ಸಿಬ್ಬಂದಿಗೆ ತರಬೇತಿ ಕೊಡಿಸಿ, ಯಂತ್ರಗಳನ್ನು ಸರಿಪಡಿಸಿಕೊಂಡ ಮೇಲೆ ಉಪ್ಪು ನೂರಕ್ಕೆ ನಲವತ್ತರಷ್ಟು ಇಳಿಯಿತು, ಹಣವೂ ಉಳಿಯಿತು.

ನೀವು ಮನೆಮಾಲೀಕರ ಸಂಘದಲ್ಲೋ ದೇವಸ್ಥಾನದ ಸಮಿತಿಯಲ್ಲೋ ಇದ್ದರೆ ಸೆಪ್ಟೆಂಬರಿನಲ್ಲಿ, ಕರಾರಿಗೆ ಸಹಿ ಬೀಳುವ ಮೊದಲು, ಮಾತಾಡಿ. ಹಿಮ ಬಿದ್ದ ಮೇಲೆ ಯಾರಿಗೂ ಕೇಳುವ ಪುರಸೊತ್ತಿರುವುದಿಲ್ಲ. ಉಪ್ಪಿನ ತೂಕಕ್ಕೆ ಹಣ ಎಂಬುದನ್ನು ಬಿಟ್ಟು ಇಡೀ ಹಂಗಾಮಿಗೆ ಒಂದು ಮೊತ್ತ ಎಂದು ಮಾಡಿಕೊಳ್ಳಿ. ಆಗ ಉಪ್ಪು ಉಳಿಸುವುದು ಕಾಂಟ್ರಾಕ್ಟರಿಗೂ ಲಾಭ. ಪ್ರಮಾಣಪತ್ರ ಇದೆಯೇ, ಸ್ಪ್ರೆಡರನ್ನು ಹಂಗಾಮಿಗೊಮ್ಮೆಯಾದರೂ ಅಳೆದು ಸರಿಪಡಿಸುತ್ತಾರೆಯೇ, ನೆಲದ ಉಷ್ಣತೆ ನೋಡಿ ಹಾಕುತ್ತಾರೆಯೇ, ಪ್ರತಿ ಸಲ ಎಷ್ಟು ಹಾಕಿದರೆಂದು ಬರೆದು ಕೊಡುತ್ತಾರೆಯೇ ಎಂದು ಕೇಳಿ. ಜನ ಬಾರದ ಮೂಲೆಯ ಪಾರ್ಕಿಂಗನ್ನು ಚಳಿಗಾಲದಲ್ಲಿ ಮುಚ್ಚಬಹುದು. ಐದು ಬಾಗಿಲಿದ್ದರೆ ಎರಡನ್ನು ಮಾತ್ರ ತೆರೆದಿಟ್ಟು ಅವನ್ನು ಚೆನ್ನಾಗಿ ಒಣಗಿಸಬಹುದು.

ಹಿಮ ಬೀಳುವ ಮುನ್ನಾದಿನ ರಸ್ತೆಯ ಮೇಲೆ ಸಾಲುಸಾಲು ಬಿಳಿ ಗೆರೆ ಕಂಡರೆ ಕೋಪ ಮಾಡಿಕೊಳ್ಳಬೇಡಿ. ಅದು ನೂರಕ್ಕೆ 23 ಪಾಲು ಉಪ್ಪಿರುವ ದ್ರಾವಣ. ಹಿಮ ನೆಲಕ್ಕೆ ಅಂಟದಂತೆ ಮೊದಲೇ ತಡೆಯುತ್ತದೆ. ಒಣ ಹರಳು ರಸ್ತೆಗೆ ಬಿದ್ದು ಪುಟಿದು ಚರಂಡಿಗೆ ಹಾರುವ ಹಾಗೆ ಇದು ಹಾರುವುದಿಲ್ಲ, ಆದ್ದರಿಂದ ಉಪ್ಪು ಒಟ್ಟಾರೆ ಕಡಿಮೆ ಸಾಕು. ನಿಮ್ಮ ನಗರದಲ್ಲಿ ಇದು ಇಲ್ಲವಾದರೆ ಕೌನ್ಸಿಲ್ ಸದಸ್ಯರನ್ನು ಕೇಳಿ.

ಮನೆಯೊಳಗಿನ ಉಪ್ಪು

ಬೀದಿಯ ಉಪ್ಪಿಗೆ ಹೆಗಲೆಣೆಯಾಗಿ ಮನೆಯೊಳಗೊಂದು ಉಪ್ಪಿನ ಯಂತ್ರ ಇರುತ್ತದೆ: ವಾಟರ್ ಸಾಫ್ಟ್‌ನರ್. ಗಡಸು ನೀರನ್ನು ಮೆದುಮಾಡುವ ಅದು ತನ್ನನ್ನು ತೊಳೆದುಕೊಳ್ಳುವಾಗ ಉಪ್ಪುನೀರನ್ನು ಒಳಚರಂಡಿಗೆ ಬಿಡುತ್ತದೆ. ಟೈಮರ್ ಇಟ್ಟು ದಿನ ಎಣಿಸಿ ತೊಳೆಯುವ ಹಳೆಯ ಯಂತ್ರವಿದ್ದರೆ, ನೀರಿನ ಬಳಕೆ ನೋಡಿ ತೊಳೆಯುವ ಹೊಸದಕ್ಕೆ ಬದಲಾಯಿಸಿ. ನಿಮ್ಮ ನೀರಿನ ಗಡಸುತನವನ್ನು ನಗರದ ನೀರು ವಿಭಾಗದಿಂದ ತಿಳಿದು ಅದಕ್ಕೆ ತಕ್ಕಂತೆ ಯಂತ್ರವನ್ನು ಹೊಂದಿಸಿ. ಮಿನಿಯಾಪೊಲಿಸ್ ಮತ್ತು ಸೇಂಟ್ ಪಾಲ್ ನಗರಗಳ ಸರಬರಾಜು ನೀರು ಘಟಕದಲ್ಲೇ ಮೆದುವಾಗಿ ಬರುತ್ತದೆ, ಅಲ್ಲಿನ ಮನೆಗಳಿಗೆ ಸಾಫ್ಟ್‌ನರ್ ಸಾಮಾನ್ಯವಾಗಿ ಬೇಕಾಗಿಲ್ಲ.

ಹಿಮದ ಮುಖವನ್ನೇ ಕಾಣದ ಬೆಂಗಳೂರಿನವರಿಗೂ ಈ ಯಂತ್ರದ ಮಾತು ಅನ್ವಯಿಸುತ್ತದೆ. ಬೋರ್‌ವೆಲ್ ನೀರಿನ ಅಪಾರ್ಟ್‌ಮೆಂಟುಗಳ ಸಾಫ್ಟ್‌ನರುಗಳಿಗೆ ಮೂಟೆಗಟ್ಟಲೆ ಉಪ್ಪು ಹೋಗುತ್ತದೆ. ಅದನ್ನು ಅಲ್ಲಿನ ಕೊಳಚೆ ನೀರು ಶುದ್ಧೀಕರಣ ಘಟಕವೂ (ಎಸ್‌ಟಿಪಿ) ತೆಗೆಯುವುದಿಲ್ಲ. ಅದೇ ನೀರು ತೋಟಕ್ಕೆ ಹೋದರೆ ಮಣ್ಣು ಉಪ್ಪಾಗುತ್ತದೆ, ಕಾಲುವೆಗೆ ಬಿಟ್ಟರೆ ಕೆರೆ. ಫ್ಲಶ್ ಟ್ಯಾಂಕಿಗೂ ತೋಟಕ್ಕೂ ಮೆದು ನೀರು ಬೇಕೇ ಎಂದು ಸಂಘದ ಸಭೆಯಲ್ಲಿ ಒಮ್ಮೆ ಕೇಳಿನೋಡಿ.

ಅಳೆದು ನೋಡುವುದು

ಅಮೆರಿಕದಲ್ಲಿ ‘ಐಸಾಕ್ ವಾಲ್ಟನ್ ಲೀಗ್’ ಎಂಬ ಹಳೆಯ ಸಂರಕ್ಷಣಾ ಸಂಸ್ಥೆ ‘ಸಾಲ್ಟ್ ವಾಚ್’ ಹೆಸರಿನಲ್ಲಿ ಕ್ಲೋರೈಡ್ ಅಳೆಯುವ ಕಾಗದದ ಪಟ್ಟಿಗಳನ್ನು ಕೇಳಿದವರಿಗೆ ಉಚಿತವಾಗಿ ಕಳಿಸುತ್ತದೆ. ಮನೆ ಹತ್ತಿರದ ತೊರೆಯಿಂದ ಸ್ವಲ್ಪ ನೀರು ತಂದು ಪಟ್ಟಿಯನ್ನು ನಿಲ್ಲಿಸಿ, ಮೇಲೇರುವ ಬಿಳಿ ಗುರುತನ್ನು ಜೊತೆಗೆ ಬಂದ ಕೋಷ್ಟಕದೊಡನೆ ಹೋಲಿಸಿದರೆ ಕ್ಲೋರೈಡ್ ಎಷ್ಟೆಂದು ತಿಳಿಯುತ್ತದೆ. ಮಿಡ್ಲ್ ಸ್ಕೂಲ್ ಮಕ್ಕಳು ಸುಲಭವಾಗಿ ಮಾಡಬಲ್ಲ ಕೆಲಸ. ಹಿಮ ಶುರುವಾಗುವ ಮೊದಲು ಒಮ್ಮೆ ಅಳೆದಿಡಿ, ಹೋಲಿಕೆಗೆ ಅದು ಬೇಕು. ಆಮೇಲೆ ಉಪ್ಪು ಬಿದ್ದ ನಂತರದ ಮೊದಲ ಬೆಚ್ಚಗಿನ ದಿನ ಅಥವಾ ಮಳೆಯ ದಿನ ಅಳೆಯಿರಿ, ಗುರುತು ಅತಿ ಮೇಲಿರುವುದು ಆಗ. ಆಗಸ್ಟ್‌ನಲ್ಲಿ ಮತ್ತೊಮ್ಮೆ ನೋಡಿದರೆ ಅಂತರ್ಜಲದ ಸ್ಥಿತಿ ಅಂದಾಜಾಗುತ್ತದೆ. ಮಂಜುಗಡ್ಡೆ ಪೂರ್ತಿ ಗಟ್ಟಿಯಾಗದ ತೊರೆಯ ಮೇಲೆ ಯಾರೂ ಕಾಲಿಡಬಾರದು, ದಡದಿಂದಲೇ ಹಗ್ಗ ಕಟ್ಟಿದ ಡಬ್ಬಿಯಿಂದ ನೀರು ತೆಗೆಯಿರಿ. ಹೋಗುವ ದಾರಿಯಲ್ಲಿ ಮುಚ್ಚಿಗೆಯಿಲ್ಲದ ಉಪ್ಪಿನ ಗುಡ್ಡೆ ಮಳೆಗೆ ಕರಗುತ್ತಿರುವುದು ಕಂಡರೆ, ಅಥವಾ ಅಂಗಡಿ ಮುಂದೆ ಒಂದೇ ಕಡೆ ಬಕೆಟ್‌ಗಟ್ಟಲೆ ಉಪ್ಪು ಚೆಲ್ಲಿದ್ದರೆ, ಫೋಟೊ ತೆಗೆದು ಜಾಗದ ವಿಳಾಸ ಸಮೇತ ನಗರದ ಸಾರ್ವಜನಿಕ ಕಾಮಗಾರಿ ವಿಭಾಗಕ್ಕೆ ತಿಳಿಸಿ. ಉತ್ತರ ಅಮೆರಿಕದ ಬಹಳಷ್ಟು ದೊಡ್ಡ ನಗರಗಳಲ್ಲಿ ಇದಕ್ಕೆ 311ಕ್ಕೆ ಕರೆ ಮಾಡಿದರೆ ಸಾಕು.